ನದಾಫ್: ಹತ್ತಿ ಹಿಂಜುವ ಕೆಲಸದಿಂದ ಬಂದ ಅಡ್ಡಹೆಸರಿನ ಒಂದು ಪ್ರಕರಣ ಅಧ್ಯಯನ

ಗದಗ, ಧಾರವಾಡ, ಬಾಗಲಕೋಟೆ ಜಿಲ್ಲೆಗಳ ಎರೆಸೀಮೆಯಲ್ಲಿ ‘ನದಾಫ್’ ಎಂಬ ಅಡ್ಡಹೆಸರು ಎಲ್ಲರಿಗೂ ಪರಿಚಿತ. ಶಾಲೆಯ ಹಾಜರಿ ಪುಸ್ತಕದಲ್ಲಿ, ಗಾದಿ ಅಂಗಡಿಯ ಫಲಕದಲ್ಲಿ, ಗ್ರಾಮ ಪಂಚಾಯಿತಿಯ ಸದಸ್ಯರ ಪಟ್ಟಿಯಲ್ಲಿ ಅದು ಮತ್ತೆ ಮತ್ತೆ ಕಾಣುತ್ತದೆ. ಇಷ್ಟು ಬಳಕೆಯಲ್ಲಿರುವ ಹೆಸರಿನ ಅರ್ಥವನ್ನು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ, ಎಷ್ಟೋ ಸಲ ಆ ಹೆಸರನ್ನು ಹೊತ್ತವರೂ ಹಾಗೆಯೇ. ಈ ಹೆಸರಿನ ಹುಟ್ಟು, ಅರ್ಥ ಮತ್ತು ಇಂದಿನ ಬಳಕೆಯನ್ನು ಒಂದು ಮನೆಯ ಕಾಗದಪತ್ರಗಳ ಮೂಲಕ ಇಲ್ಲಿ ಪರಿಶೀಲಿಸಿದ್ದೇನೆ. ಆ ಮನೆ ಯಾವುದೋ ಒಂದೇ ಮನೆಯಲ್ಲ. ಆ ಸೀಮೆಯ ಹಲವು ಮನೆಗಳಲ್ಲಿ ಕಾಣುವ ಸ್ಥಿತಿಯನ್ನು ಕೂಡಿಸಿ ಒಂದು ಮನೆಯದಾಗಿ ಹೇಳಿದ್ದೇನೆ. ಹಾಗಾಗಿ ಮನೆಯವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಕೊಟ್ಟಿಲ್ಲ.

ಮನೆಯ ಮಗಳು ವೃತ್ತಿಪರ ಕೋರ್ಸಿಗೆ ಅರ್ಜಿ ಹಾಕಬೇಕಾಗಿದೆ, ಅದಕ್ಕೆ ಜಾತಿ ಪ್ರಮಾಣಪತ್ರ ಬೇಕಾಗಿದೆ. ಹಳೆಯ ಪೆಟ್ಟಿಗೆಯಿಂದ ಕಾಗದಗಳನ್ನು ಹೊರತೆಗೆದಾಗ ಒಂದೇ ಮನೆತನ ನಾಲ್ಕು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮುತ್ತಜ್ಜನ ಕಾಲದ ಹೊಲದ ಪತ್ರದಲ್ಲಿ ಹೆಸರಿನ ಜೊತೆ ‘ಪಿಂಜಾರ’ ಎಂದಿದೆ. ಅಜ್ಜನ ಶಾಲಾ ದಾಖಲಾತಿಯಲ್ಲಿ ಅಡ್ಡಹೆಸರು ‘ನದಾಫ’, ಜಾತಿಯ ಕಾಲಮ್ಮಿನಲ್ಲಿ ‘ಮುಸಲ್ಮಾನ’. ಅಪ್ಪನ ದಾಖಲೆಯಲ್ಲಿ ‘ಫ’ಕಾರ ಬಿದ್ದುಹೋಗಿ ‘ನದಾಪ’ ಆಗಿದೆ, ಜಾತಿ ‘ಪಿಂಜಾರ’. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ನದಾಫ್’, ಶಾಲೆಯ ರಜಿಸ್ಟರಿನಲ್ಲಿ ಜಾತಿ ಬರೀ ‘ಮುಸ್ಲಿಂ’. ಇದು ಸಾಲದೆಂಬಂತೆ, ಬಳ್ಳಾರಿ ಕಡೆಗೆ ಮದುವೆಯಾಗಿ ಹೋದ ಸೋದರತ್ತೆಯ ಗಂಡನ ಮನೆಯವರು ತಮ್ಮನ್ನು ‘ಲದಾಫ್’ ಎಂದು ಬರೆಸಿಕೊಂಡಿದ್ದಾರೆ. ಇವೆಲ್ಲ ಒಂದೇ ಜನವೇ, ಬೇರೆ ಬೇರೆಯೇ ಎಂದು ಕಚೇರಿಯಲ್ಲಿ ಕೇಳುತ್ತಾರೆ. ಮಗಳಿಗೆ ಇನ್ನೂ ಒಂದು ಪ್ರಶ್ನೆ ಇದೆ: ಹೆಸರು ಅರಬ್ಬಿ ಭಾಷೆಯದು ಎನ್ನುತ್ತಾರೆ, ಹಾಗಾದರೆ ತನ್ನ ಹಿರಿಯರು ಅರಬಸ್ತಾನದಿಂದ ಬಂದವರೇ?

ಪದದ ಬೇರು

ಪದ ಅರಬ್ಬಿಯದು ಎಂಬುದರಲ್ಲಿ ಸಂದೇಹವಿಲ್ಲ. ಅರಬ್ಬಿಯ ಪದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಈ ಹೆಸರಿನ ಬೇರು ನೂನ್, ದಾಲ್, ಫೇ ಎಂಬ ಮೂರು ಅಕ್ಷರಗಳು. ‘ನದಫ’ ಎಂದರೆ ಹತ್ತಿಯನ್ನು ಬಡಿದು ಹಿಂಜಿದ ಎಂದರ್ಥ. ಹಿಂಜಿದ ಹತ್ತಿ ‘ನದೀಫ್’, ಹಿಂಜುವ ಬಿಲ್ಲು ‘ಮಿಂದಫ್’, ಆ ಕೆಲಸವನ್ನೇ ಕಸುಬಾಗಿ ಮಾಡುವವನು ‘ನದ್ದಾಫ್’. ಇಂದಿನ ಅರಬ್ಬಿಯಲ್ಲಿ ಹಿಮದ ಒಂದು ಎಸಳಿಗೂ ‘ನುದ್ಫಾ’ ಎನ್ನುತ್ತಾರೆ. ಬಿಲ್ಲಿನ ತಂತಿಯಿಂದ ಚಿಮ್ಮಿ ಹಾರುವ ಅರಳೆಯನ್ನು ಒಮ್ಮೆ ನೋಡಿದವರಿಗೆ ಹಿಮಕ್ಕೆ ಈ ಬೇರಿನಿಂದಲೇ ಹೆಸರು ಹುಟ್ಟಿದ್ದು ಏಕೆಂದು ವಿವರಿಸಬೇಕಾಗಿಲ್ಲ.

ನದ್ದಾಫ್ ಎಂಬ ರೂಪದಲ್ಲಿ ಎರಡನೆಯ ವ್ಯಂಜನ ಇಮ್ಮಡಿಯಾಗಿದೆ, ಅದರ ಮುಂದೆ ದೀರ್ಘ ಆಕಾರ ಬಂದಿದೆ. ಒಂದು ಕೆಲಸವನ್ನು ದಿನವೂ ಮಾಡುವವನನ್ನು, ಅದರಿಂದಲೇ ಬದುಕುವವನನ್ನು ಹೆಸರಿಸಲು ಅರಬ್ಬಿಯಲ್ಲಿರುವ ಅಚ್ಚು ಇದು. ಹೊಲಿಯುವವನು ಖಯ್ಯಾತ್, ರೊಟ್ಟಿ ಸುಡುವವನು ಖಬ್ಬಾಜ್, ಕಬ್ಬಿಣದ ಕೆಲಸದವನು ಹದ್ದಾದ್, ಬಡಗಿ ನಜ್ಜಾರ್, ಬಣ್ಣ ಹಾಕುವವನು ಸಬ್ಬಾಗ್. ಇವು ದೂರದ ಪದಗಳೆಂದು ನಮಗೆ ಅನ್ನಿಸಬಹುದು. ಆದರೆ ಇದೇ ಅಚ್ಚಿನ ಪದಗಳನ್ನು ಕನ್ನಡಿಗರು ತಲೆಮಾರುಗಳಿಂದ ಪೇಟೆಯಲ್ಲಿ ಆಡುತ್ತ ಬಂದಿದ್ದಾರೆ. ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲ ಅರಬ್ಬಿಯ ಹಮ್ಮಾಲ್. ವ್ಯಾಪಾರ ಕುದುರಿಸುವ ದಲಾಲ, ಅವನಿಂದ ಹುಟ್ಟಿದ ದಲ್ಲಾಳಿ, ಎರಡೂ ದಲ್ಲಾಲ್ ಎಂಬುದರಿಂದ ಬಂದವು. ಚಿನ್ನಬೆಳ್ಳಿಯ ಸರಾಫ ಮೂಲದಲ್ಲಿ ನಾಣ್ಯ ವಿನಿಮಯ ಮಾಡುತ್ತಿದ್ದ ಸರ್ರಾಫ್. ಕಸಾಬ, ಹಜಾಮ, ಅತ್ತಾರ, ಇವುಗಳ ಮೂಲರೂಪಗಳು ಕಸ್ಸಾಬ್, ಹಜ್ಜಾಮ್, ಅತ್ತಾರ್. ಈ ಸಾಲಿನಲ್ಲಿ ನದಾಫನನ್ನು ನಿಲ್ಲಿಸಿ ನೋಡಿದರೆ ಹೆಸರಿನ ಅರ್ಥ ತಾನಾಗಿಯೇ ತಿಳಿಯುತ್ತದೆ. ಮೂಲದ ಇಮ್ಮಡಿ ದಕಾರ ಎಲ್ಲಿ ಹೋಯಿತು ಎಂಬುದಕ್ಕೂ ಇಲ್ಲೇ ಉತ್ತರವಿದೆ: ದೀರ್ಘ ಸ್ವರದ ಮೇಲೆ ಒತ್ತು ಬಿದ್ದಂತೆ ಹಮ್ಮಾಲ್ ಹಮಾಲನಾದ, ಸರ್ರಾಫ್ ಸರಾಫನಾದ, ನದ್ದಾಫ್ ನದಾಫನಾದ. ‘ಅತ್ತಾರ’, ‘ದಲ್ಲಾಳಿ’ ಮಾತ್ರ ತಮ್ಮ ಒತ್ತಕ್ಷರವನ್ನು ಉಳಿಸಿಕೊಂಡಿವೆ.

ಅರಬ್ಬರ ನಾಡಿನಲ್ಲಿ ಇಂಥ ಕಸುಬಿನ ಹೆಸರುಗಳು ಯಾವುದೇ ಒಂದು ಧರ್ಮದವರ ಸೊತ್ತಾಗಿರಲಿಲ್ಲ. ಹದ್ದಾದ್, ನಜ್ಜಾರ್, ಸಬ್ಬಾಗ್ ಎಂಬ ಅಡ್ಡಹೆಸರಿನ ಕ್ರೈಸ್ತ ಮನೆತನಗಳು ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್ ಪ್ರದೇಶಗಳಲ್ಲಿ ಸಾಕಷ್ಟಿವೆ. ನದ್ದಾಫ್ ಎಂಬ ಕ್ರೈಸ್ತ ಮನೆತನಗಳೂ ಅಲ್ಲಿವೆ. ಅಬ್ದುಲ್ಲಾ, ಅಬ್ದುಲ್ ರಹಮಾನ್ ಮೊದಲಾದ ಹೆಸರುಗಳಲ್ಲಿ ದೇವರ ನಾಮವಿದೆ, ಸಿದ್ದಿಕಿ, ಫಾರೂಕಿ ಮೊದಲಾದವು ಪ್ರವಾದಿಯ ಸಂಗಡಿಗರ ವಂಶವನ್ನು ಸೂಚಿಸುತ್ತವೆ. ನದಾಫ್ ಈ ಎರಡೂ ಗುಂಪಿಗೆ ಸೇರುವುದಿಲ್ಲ. ಕಮ್ಮಾರ, ಬಡಿಗೇರ, ಹೂಗಾರ ಎಂಬ ನಮ್ಮ ಹೆಸರುಗಳಂತೆ ಅದು ಮನೆತನದ ದುಡಿಮೆಯನ್ನು ಹೇಳುವ ಹೆಸರು.

ದುಡಿಮೆಯ ಹೆಸರು ಕೀಳು ಎಂಬ ಭಾವನೆ ಇಸ್ಲಾಮಿನ ಆರಂಭದ ಶತಮಾನಗಳ ವಿದ್ವತ್ ಲೋಕದಲ್ಲಿ ಇರಲಿಲ್ಲವೆಂಬುದಕ್ಕೆ ಸಾಕ್ಷಿಗಳಿವೆ. 874ರ ಸುಮಾರಿಗೆ ತೀರಿಕೊಂಡ ಬಾಗ್ದಾದಿನ, ಹನಫಿ ಎಂಬ ಇಸ್ಲಾಮೀ ಕಾನೂನು ಪರಂಪರೆಯ ನ್ಯಾಯಶಾಸ್ತ್ರಜ್ಞ ಅಲ್ ಖಸ್ಸಾಫನ ಹೆಸರಿಗೆ ಪಾದರಕ್ಷೆ ಹೊಲಿಯುವವನು ಎಂದರ್ಥ. 981ರಲ್ಲಿ ತೀರಿಕೊಂಡ ಅದೇ ಪರಂಪರೆಯ ಅಲ್ ಜಸ್ಸಾಸ್ ಎಂಬವನ ಹೆಸರು ಗಾರೆಗಚ್ಚಿನ ಕೆಲಸದ್ದು. 12ನೆಯ ಶತಮಾನದಲ್ಲಿ ಮರ್ವ್ ಪಟ್ಟಣದ ಅಲ್ ಸಮ್‌ಆನಿ ವಿದ್ವಾಂಸರ ಕುಲನಾಮಗಳ ದೊಡ್ಡ ಕೋಶವೊಂದನ್ನು ರಚಿಸಿದಾಗ ಊರು, ಬುಡಕಟ್ಟುಗಳ ಹೆಸರುಗಳ ಪಕ್ಕದಲ್ಲೇ ಕಸುಬಿನ ಹೆಸರುಗಳಿಗೂ ಸ್ಥಾನ ಕೊಟ್ಟ. ಧಾರವಾಡದ ಕಾಲೇಜಿನಲ್ಲಿ ತನ್ನ ಹೆಸರನ್ನು ಕೂಗಿದಾಗ ಮುಜುಗರಪಡುವ ನದಾಫ್ ಮನೆತನದ ಹುಡುಗನಿಗೆ ಈ ಸಂಗತಿ ಗೊತ್ತಿರಬೇಕೆಂಬುದು ನನ್ನ ಆಸೆ.

ಹಲ್ಲಾಜ್, ಮನ್ಸೂರಿ

ಹತ್ತಿಯ ಕೆಲಸದ ಹೆಸರುಗಳಲ್ಲಿ ಅತಿ ಪ್ರಸಿದ್ಧವಾದದ್ದು ಹಲ್ಲಾಜ್. ಬೀಜದಿಂದ ಅರಳೆಯನ್ನು ಬೇರ್ಪಡಿಸುವುದು ‘ಹಲ್ಜ್’, ಬೇರ್ಪಟ್ಟ ಅರಳೆಯನ್ನು ಹಿಂಜಿ ಹಗುರ ಮಾಡುವುದು ‘ನದ್ಫ್’. ಹೀಗೆ ಎರಡೂ ಬೇರೆ ಹಂತದ ಕೆಲಸಗಳಾದರೂ ಮಾಡುವವರು ಒಂದೇ ಕೇರಿಯವರಾಗಿದ್ದುದರಿಂದ ಹೆಸರುಗಳು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾದವು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಹುಸೇನ್ ಇಬ್ನ್ ಮನ್ಸೂರ್ ಅಲ್ ಹಲ್ಲಾಜನ ಹೆಸರು ಈ ಕಸುಬಿನದೇ. ಅವನು ಬೆರಳು ತೋರಿದೊಡನೆ ರಾಶಿ ಹತ್ತಿಯಿಂದ ಬೀಜಗಳು ತಾವೇ ಬೇರ್ಪಟ್ಟವು ಎಂಬ ಕಥೆಯನ್ನು ಪರ್ಷಿಯನ್ ಕವಿ ಫರೀದುದ್ದೀನ್ ಅತ್ತಾರ್ ಹೇಳಿದ್ದಾನೆ. ಆ ಕವಿಯ ಹೆಸರಾದರೂ ಸುಗಂಧದ್ರವ್ಯ, ಔಷಧಿ ಮಾರುವ ಕಸುಬಿನಿಂದ ಬಂದದ್ದೆಂಬುದನ್ನು ಗಮನಿಸಬೇಕು.

ಉತ್ತರ ಭಾರತದಲ್ಲಿ ಹತ್ತಿ ಹಿಂಜುವವರನ್ನು ಧುನಿಯಾ ಎಂದೂ ಬೆಹನಾ ಎಂದೂ ಕರೆಯುತ್ತಿದ್ದರು. 20ನೆಯ ಶತಮಾನದಲ್ಲಿ ಮುಸ್ಲಿಂ ಕುಶಲಕರ್ಮಿ ಸಮುದಾಯಗಳು ತಮಗೆ ಗೌರವದ ಹೆಸರುಗಳನ್ನು ಇಟ್ಟುಕೊಳ್ಳತೊಡಗಿದಾಗ ನೇಕಾರರು ಅನ್ಸಾರಿಗಳಾದರು, ಕಸಾಯಿಗಳು ಕುರೇಶಿಗಳಾದರು, ಹತ್ತಿ ಹಿಂಜುವವರು ಹಲ್ಲಾಜನನ್ನು ನೆನೆದು ಮನ್ಸೂರಿಗಳಾದರು. ಮನ್ಸೂರ್ ಎಂಬುದು ಆ ಸೂಫಿಯ ತಂದೆಯ ಹೆಸರು. ಜನರ ಬಾಯಲ್ಲಿ ಮಗನೇ ಮನ್ಸೂರ್ ಆಗಿಬಿಟ್ಟಿದ್ದಾನೆ. ಇಲ್ಲಿ ಕರ್ನಾಟಕದವರು ಗೊಂದಲಕ್ಕೀಡಾಗಬಾರದ ಒಂದು ವಿಷಯವಿದೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರ ಅವರ ಅಡ್ಡಹೆಸರು ಧಾರವಾಡದ ಹತ್ತಿರದ ಮನಸೂರು ಎಂಬ ಊರಿನಿಂದ ಬಂದದ್ದು. ಅದಕ್ಕೂ ಹತ್ತಿಯ ಮನ್ಸೂರಿಗೂ ಸಂಬಂಧವಿಲ್ಲ.

ನಮ್ಮ ಪ್ರಕರಣದ ಮನೆಯಲ್ಲಿಯೂ ಮಗಳ ಅಣ್ಣನೊಬ್ಬ ಅಡ್ಡಹೆಸರನ್ನು ಮನ್ಸೂರಿ ಎಂದು ಬದಲಿಸಿಕೊಳ್ಳಬೇಕೆಂದು ಪಟ್ಟು ಹಿಡಿದಿದ್ದಾನೆ. ಅದು ಅವನ ಹಕ್ಕು. ಆದರೆ ಎರಡೂ ಹೆಸರುಗಳ ಬುಡದಲ್ಲಿರುವುದು ಅದೇ ಹತ್ತಿ ಎಂಬುದನ್ನು ತಿಳಿದ ಮೇಲೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದರಿಂದ ಕಸುಬಿನ ಗುರುತು ಅಳಿಸುತ್ತದೆ ಎಂಬ ಅವನ ನಿರೀಕ್ಷೆ ಈಡೇರುವುದಿಲ್ಲ.

ಪದ ನಡೆದು ಬಂದ ದಾರಿ

ಅರಬ್ಬಿಯ ಪದ ಕನ್ನಡದ ಎರೆಸೀಮೆಗೆ ನೇರವಾಗಿ ಬರಲಿಲ್ಲ. ಅರಬ್ಬಿಯಿಂದ ಪರ್ಷಿಯನ್ನಿಗೆ, ಪರ್ಷಿಯನ್ನಿನಿಂದ ದಖ್ಖನಿ ಉರ್ದುವಿಗೆ, ಅಲ್ಲಿಂದ ಕನ್ನಡ ಮರಾಠಿಗಳಿಗೆ ಅದು ದಾಟಿತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾದಂದಿನಿಂದ, 1490ರಿಂದ 1686ರ ವರೆಗಿನ ವಿಜಯಪುರದ ಆದಿಲಶಾಹಿ ಕಾಲವೂ ಸೇರಿ, ಈ ಭಾಗದ ದರಬಾರಿನ ಭಾಷೆ ಮುಖ್ಯವಾಗಿ ಪರ್ಷಿಯನ್ ಆಗಿತ್ತು. ತಹಶೀಲ, ಜಿಲ್ಲೆ, ಅರ್ಜಿ, ವಸೂಲಿ, ಜಮೀನು, ಹಮಾಲ, ದಲಾಲ ಮೊದಲಾದ ಪದಗಳು ಆಡಳಿತ ಮತ್ತು ಪೇಟೆಯ ಮೂಲಕ ಕನ್ನಡಕ್ಕೆ ಇಳಿದುದು ಇದೇ ದಾರಿಯಲ್ಲಿ. ಹತ್ತಿ ಹಿಂಜುವವನಿಗೆ ಇಲ್ಲಿ ಮೊದಲೇ ಹೆಸರಿತ್ತು. ದರಬಾರಿನ ಭಾಷೆಯಲ್ಲಿ ಅವನಿಗೆ ಇನ್ನೊಂದು ಹೆಸರು ಸಿಕ್ಕಿತು.

ಮೊದಲೇ ಇದ್ದ ಹೆಸರು ಪಿಂಜಾರ. ಹಳಗನ್ನಡದ ‘ಪಿಂಜು’ ಎಂಬ ಧಾತು ಪಕಾರ ಹಕಾರವಾಗುವ ಕನ್ನಡದ ನಿಯಮದಂತೆ ಇಂದಿನ ‘ಹಿಂಜು’ ಆಗಿದೆ. ಮರಾಠಿ, ಗುಜರಾತಿಗಳಲ್ಲಿ ಇದೇ ಕಸುಬಿನವನು ಪಿಂಜಾರಿ, ಪಿಂಜಾರಾ. ಅರಳೆ ಹಿಂಜುತ್ತೇವೆ ಎನ್ನುವ ಕನ್ನಡಿಗರು ಹಿಂಜುವವನನ್ನು ‘ಹಿಂಜಾರ’ ಎನ್ನದೆ ಪಿಂಜಾರ ಎಂದೇ ಕರೆಯುವುದನ್ನು ನೋಡಿದರೆ, ಕಸುಬಿನ ಹೆಸರು ನೆರೆಯ ಮರಾಠಿಯ ರೂಪವನ್ನು ಹಿಡಿದು ನಿಂತಿದೆ ಎಂದು ನನಗೆ ತೋರುತ್ತದೆ. ತೆಲುಗಿನಲ್ಲಿ ಇವರೇ ದೂದೇಕುಲದವರು. ಆ ಹೆಸರನ್ನು ‘ದೂದೆ’ ಎಂಬ ‘ಕುಲ’ ಎಂದು ಬಿಡಿಸುವವರಿದ್ದಾರೆ. ಅಲ್ಲಿರುವುದು ದೂದಿ, ಅಂದರೆ ಹತ್ತಿ, ಮತ್ತು ಏಕು, ಅಂದರೆ ಹಿಂಜು. 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿಗಳ ವಿವರಣೆಯನ್ನು ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ಇವರನ್ನು ದೂದೇಕುಲ ಎಂಬ ಹೆಸರಿನಡಿಯಲ್ಲೇ ವರ್ಣಿಸಿದ್ದಾನೆ. ಆಂಧ್ರದಲ್ಲಿ ನೂರ್‌ಬಾಷಾ ಎಂಬ ಹೆಸರೂ ರೂಢಿಯಲ್ಲಿದೆ.

ಸೋದರತ್ತೆಯ ಗಂಡನ ಮನೆಯ ‘ಲದಾಫ್’ ಈ ಹಿನ್ನೆಲೆಯಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಪದದ ಮೊದಲ ನಕಾರ ಲಕಾರವಾಗುವುದು ನಮ್ಮ ನಾಲಿಗೆಗೆ ಹೊಸದಲ್ಲ. ಹಳ್ಳಿಗಳಲ್ಲಿ ನಂಬರು ಲಂಬರಾಗುವುದನ್ನು ಎಲ್ಲರೂ ಕೇಳಿದ್ದಾರೆ. ಬಳ್ಳಾರಿ 1953ರ ವರೆಗೆ ಮದ್ರಾಸ್ ಪ್ರಾಂತದಲ್ಲಿದ್ದುದರಿಂದ ಅಲ್ಲಿಯ ದಾಖಲೆಗಳು ತೆಲುಗು ಸೀಮೆಯ ರೂಢಿಯನ್ನು ಅನುಸರಿಸಿದವು, ಮುಂಬೈ ಪ್ರಾಂತದಲ್ಲಿದ್ದ ಧಾರವಾಡ ಸೀಮೆಯ ದಾಖಲೆಗಳು ಮರಾಠಿಯ ನೆರಳಿನಲ್ಲಿ ಬೆಳೆದವು. ಹೀಗೆ ಒಂದೇ ಕಸುಬಿನ ಜನ ಗಡಿಯ ಆಚೆ ಈಚೆ ಎರಡು ಹೆಸರು ಪಡೆದರು. ಮದುವೆ ಸಂಬಂಧಗಳು ಮಾತ್ರ ಮೊದಲಿನಂತೆಯೇ ನಡೆದು ಬಂದವು.

ನದಾಫ್ ಎಂಬುದು ಅಡ್ಡಹೆಸರಾಗಿ ನೆಲೆಸಿದ್ದು ಉತ್ತರ ಕರ್ನಾಟಕದಲ್ಲಿಯೇ ಏಕೆ ಎಂಬುದಕ್ಕೂ ಕಾರಣವಿದೆ. ಹೆಸರಿನ ಕೊನೆಯಲ್ಲಿ ಮನೆತನದ ಹೆಸರನ್ನು ಹಾಕುವ ಪದ್ಧತಿ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಎಲ್ಲ ಧರ್ಮದವರಿಗೂ ಸಾಮಾನ್ಯವಾಗಿತ್ತು. ಪಕ್ಕದ ಮನೆಯವರು ಪತ್ತಾರ, ಕುಂಬಾರ, ಗಾಣಿಗೇರ, ಕುಲಕರ್ಣಿ ಎಂದು ಬರೆಸುತ್ತಿರುವಾಗ ಮುಸ್ಲಿಮರು ಮುಲ್ಲಾ, ಖಾಜಿ, ಮುಜಾವರ, ಅತ್ತಾರ, ಬಾಗವಾನ, ನದಾಫ ಎಂದು ಬರೆಸಿದರು. ಹಳೆಯ ಮೈಸೂರಿನಲ್ಲಿ ತಂದೆಯ ಹಾಗೂ ಊರಿನ ಹೆಸರಿನ ಮೊದಲಕ್ಷರ ಸಾಕಾಗಿತ್ತು. ಆದ್ದರಿಂದ ಅಲ್ಲಿ ಪಿಂಜಾರ ಎಂಬುದು ಜಾತಿಯ ಹೆಸರಾಗಿ ಉಳಿಯಿತೇ ಹೊರತು ವ್ಯಕ್ತಿಯ ಹೆಸರಿನ ಬಾಲವಾಗಲಿಲ್ಲ.

ಕಸುಬು

ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ನೋಡುವುದಕ್ಕಿಂತ ಅಜ್ಜನ ಮನೆಯ ಹಿತ್ತಲ ಕೋಣೆಯಲ್ಲಿ ನೋಡುವುದು ಮೇಲು. ಹಿಂಜುವ ಬಿಲ್ಲು ಆಳೆತ್ತರದ ಮರದ ದಂಡ. ಅದರ ಒಂದು ತುದಿಯಲ್ಲಿ ಅಗಲವಾದ ಹಲಗೆ, ಇನ್ನೊಂದು ತುದಿಯಲ್ಲಿ ಸಣ್ಣ ಬಾಗು. ಎರಡರ ನಡುವೆ ಪ್ರಾಣಿಯ ಕರುಳಿನಿಂದ ಹೊಸೆದ ತಂತಿಯನ್ನು ಬಿಗಿದಿರುತ್ತಾರೆ. ಬಿಲ್ಲನ್ನು ಮೇಲಿನ ತೊಲೆಗೆ ಹಗ್ಗದಿಂದ ತೂಗುಹಾಕಿದರೆ ಕೈಗೆ ಭಾರವಾಗುವುದಿಲ್ಲ. ಎಡಗೈಯಲ್ಲಿ ಬಿಲ್ಲನ್ನು ಹಿಡಿದು, ತಂತಿ ಅರಳೆಯ ರಾಶಿಗೆ ತಾಗುವಂತೆ ಇಳಿಸಿ, ಬಲಗೈಯಲ್ಲಿರುವ ನಡು ಸಣ್ಣಗಾದ, ಎರಡೂ ತುದಿ ದಪ್ಪಗಿನ ಮರದ ಬಡಿಗೆಯಿಂದ ತಂತಿಯನ್ನು ಹೊಡೆಯಬೇಕು. ತಂತಿ ನಡುಗಿದಂತೆ ಅಂಟಿಕೊಂಡಿದ್ದ ಎಳೆಗಳು ಬಿಡಿಬಿಡಿಯಾಗಿ ಚಿಮ್ಮುತ್ತವೆ, ಕಸ ಮಣ್ಣು ಕೆಳಗೆ ಬೀಳುತ್ತವೆ. ಪೆಟ್ಟು ಜೋರಾದರೆ ಎಳೆ ತುಂಡಾಗುತ್ತದೆ, ಮೆಲ್ಲಗಾದರೆ ಗಂಟು ಬಿಡುವುದಿಲ್ಲ. ತಂತಿಯ ನಾದ ಕೇಳಿಯೇ ಬಿಗಿ ಸರಿಯಿದೆಯೋ ಇಲ್ಲವೋ ಎಂದು ಕಸುಬುದಾರನಿಗೆ ತಿಳಿಯುತ್ತದೆ. ಹಿಂಜಿದ ಅರಳೆ ನೂಲುವವರಿಗೆ ಹಂಜಿಯಾಗಿ ಹೋಗುತ್ತಿತ್ತು, ಮನೆಗಳಿಗೆ ಗಾದಿ, ತಲೆದಿಂಬುಗಳಾಗಿ ಹೋಗುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಎಳೆಯ ಧೂಳು ಎದೆಗೆ ಇಳಿಯುತ್ತದೆ. ಇಳಿವಯಸ್ಸಿನ ಅನೇಕ ನದಾಫರ ಕೆಮ್ಮಿನ ಹಿಂದೆ ಈ ಧೂಳೂ ಇದೆ ಎಂಬುದನ್ನು ಹೆಸರಿನ ಅರ್ಥ ಹೇಳುವಾಗ ಬಿಟ್ಟುಬಿಡುವುದು ಸರಿಯಲ್ಲ.

ಕಸುಬಿನ ಇತಿಹಾಸದಲ್ಲಿ ಮೊದಲು ಯಂತ್ರಕ್ಕೆ ಹೋದದ್ದು ಹಲ್ಲಾಜನ ಕೆಲಸ, ನದ್ದಾಫನದು ಅನಂತರ. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಗಿತ್ತು. 1840ರ ದಶಕದಲ್ಲಿ ಅಮೆರಿಕದ ತಳಿ ಈ ಸೀಮೆಗೆ ಬಂತು; 1861ರಿಂದ 1865ರ ವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಲ್ಲಿಯ ಹತ್ತಿಗೆ ಹಿಂದೆಂದೂ ಇಲ್ಲದ ಬೇಡಿಕೆ ಹುಟ್ಟಿತು. ಬೀಜ ಬಿಡಿಸುವ ಜಿನ್ನುಗಳು ಹುಬ್ಬಳ್ಳಿ, ಗದಗದಂಥ ಪೇಟೆಗಳಲ್ಲಿ ಕಾರ್ಖಾನೆಗಳಾಗಿ ಬೆಳೆದವು. ಗಾದಿ ಹಿಂಜುವ ಕೆಲಸ ಮಾತ್ರ ಮನೆಮನೆಯ ಕೆಲಸವಾಗಿದ್ದುದರಿಂದ ಬಹುಕಾಲ ಉಳಿಯಿತು. ಸುಗ್ಗಿ ಮುಗಿದು ಮದುವೆಗಳು ಶುರುವಾಗುವ ಮುನ್ನ ಬಿಲ್ಲನ್ನು ಹೆಗಲ ಮೇಲಿಟ್ಟು ಓಣಿ ಓಣಿ ತಿರುಗಿ, ಹಳೆಯ ಗಾದಿ ಬಿಚ್ಚಿ, ಗಟ್ಟಿಯಾದ ಹತ್ತಿಯನ್ನು ಹಿಂಜಿ ಮತ್ತೆ ತುಂಬಿ ಹೊಲಿದುಕೊಡುವವರನ್ನು ಇಂದಿನ ನಡುವಯಸ್ಸಿನವರು ಚಿಕ್ಕಂದಿನಲ್ಲಿ ಕಂಡಿದ್ದಾರೆ. ವಿದ್ಯುತ್ ಯಂತ್ರವೂ ಫೋಮ್ ಹಾಸಿಗೆಯೂ ಬಂದ ಮೇಲೆ ಬಿಲ್ಲು ಮೂಲೆ ಸೇರಿತು. ನಮ್ಮ ಪ್ರಕರಣದ ಮನೆಯಲ್ಲಿ ಅಜ್ಜ ಬಿಲ್ಲು ಹಿಡಿದವರು, ಅಪ್ಪ ಗಾದಿ ಅಂಗಡಿ ಇಟ್ಟವರು, ಮಗಳು ಎಂಜಿನಿಯರಿಂಗ್ ಓದಲು ಹೊರಟವಳು. ಕೆಲಸ ಹೋದ ಮೇಲೂ ಹೆಸರು ಉಳಿದಿದೆ. ಕುಲಕರ್ಣಿಕೆ, ಗೌಡಕಿ ಹೋದ ಮೇಲೂ ಕುಲಕರ್ಣಿ, ಗೌಡರ ಎಂಬ ಅಡ್ಡಹೆಸರುಗಳು ಉಳಿದಿರುವ ನಾಡಿನಲ್ಲಿ ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ಹೆಸರು ಏನನ್ನು ಹೇಳುವುದಿಲ್ಲ

ಮಗಳು ಕೇಳಿದ ಪ್ರಶ್ನೆಗೆ ಈಗ ಉತ್ತರಿಸಬಹುದು. ಪದ ಅರಬಸ್ತಾನದ್ದಾದ ಮಾತ್ರಕ್ಕೆ ಅದನ್ನು ಹೊತ್ತ ಜನ ಅಲ್ಲಿಂದ ಬಂದವರೆಂದು ಹೇಳಲು ಬರುವುದಿಲ್ಲ. ಮೂಟೆ ಹೊರುವವನನ್ನು ಹಮಾಲ ಎಂದು ಕರೆದೆವೆಂದು ಅವನು ಅರಬನಾಗುವುದಿಲ್ಲ. ದೂದೇಕುಲದವರು ಮನೆಯಲ್ಲಿ ತೆಲುಗು ಆಡುತ್ತಾರೆ. ಕರ್ನಾಟಕದ ಪಿಂಜಾರರಲ್ಲಿ ಮನೆಮಾತು ಕನ್ನಡವೇ ಆಗಿರುವ ಕುಟುಂಬಗಳು ಬೇಕಾದಷ್ಟಿವೆ. ಪಿಂಜಾರ, ದೂದೇಕುಲ ಎಂಬ ಹಳೆಯ ಹೆಸರುಗಳು ಈ ನೆಲದ ಭಾಷೆಗಳವೇ. ಇವೆಲ್ಲವನ್ನೂ ಸೇರಿಸಿ ನೋಡಿದಾಗ, ಈ ನೆಲದಲ್ಲಿಯೇ ಹತ್ತಿಯ ಕೆಲಸ ಮಾಡಿಕೊಂಡಿದ್ದ ಜನ ಕಾಲಕ್ರಮದಲ್ಲಿ ಇಸ್ಲಾಮನ್ನು ಸ್ವೀಕರಿಸಿ, ದರಬಾರಿನ ಭಾಷೆಯಲ್ಲಿ ತಮ್ಮ ಕಸುಬಿಗಿದ್ದ ಪದವನ್ನು ಮನೆತನದ ಹೆಸರಾಗಿ ಪಡೆದರು ಎಂಬ ತೀರ್ಮಾನವೇ ಹೆಚ್ಚು ಒಪ್ಪುವಂಥದ್ದು. ಹೊರಗಿನಿಂದ ಬಂದ ವಂಶವೆಂದು ಹೇಳಿಕೊಂಡರೆ ಗೌರವ ಹೆಚ್ಚುತ್ತದೆ ಎಂಬ ಎಣಿಕೆ ಭಾರತದ ಮುಸ್ಲಿಂ ಸಮಾಜದಲ್ಲಿ ಹಳೆಯದು. ಎರೆಹೊಲದ ಹತ್ತಿಯನ್ನು ನೂರಾರು ವರ್ಷ ಹಿಂಜಿದ ಮನೆತನಕ್ಕೆ ಆ ಎರವಲು ಗೌರವದ ಅಗತ್ಯವಿಲ್ಲವೆಂದು ನಾನು ನಂಬುತ್ತೇನೆ.

ಇನ್ನೆರಡು ತಪ್ಪು ಅರ್ಥಗಳು ಆಗಾಗ ಕೇಳಿಬರುತ್ತವೆ. ನದಾಫ್ ಎಂದರೆ ಶುದ್ಧ, ಸ್ವಚ್ಛ ಎನ್ನುವವರು ಅದನ್ನು ‘ನಜಾಫತ್’ ಎಂಬ ಪದದೊಂದಿಗೆ ಬೆರೆಸುತ್ತಾರೆ. ಸ್ವಚ್ಛತೆ ಎಂಬ ಅರ್ಥದ ಆ ಪದದ ನಡುವಿನ ಅಕ್ಷರ ಜೋಯ್, ನದ್ದಾಫಿನದು ದಾಲ್, ಬೇರುಗಳೇ ಬೇರೆ. ಇರಾಕಿನ ನಜಫ್ ಪಟ್ಟಣದಿಂದ ಹೆಸರು ಬಂದಿದೆ ಎಂಬ ಮಾತಿಗೂ ಆಧಾರವಿಲ್ಲ. ಅಲ್ಲಿಯ ನಡು ಅಕ್ಷರ ಜೀಮ್, ಮೇಲಾಗಿ ಊರಿನಿಂದ ಬಂದ ಹೆಸರಾಗಿದ್ದರೆ ಅದು ನಜಫಿ ಎಂದು ಇಕಾರದಲ್ಲಿ ಮುಗಿಯಬೇಕಾಗಿತ್ತು.

ದಾಖಲೆಯ ಪ್ರಶ್ನೆ

ಕಚೇರಿಯಲ್ಲಿ ಈ ಹೆಸರಿಗೆ ಬೇರೆಯದೇ ತೂಕವಿದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಟ್ಟಾರೆ ಮುಸ್ಲಿಮರು ಪ್ರವರ್ಗ 2ಬಿಯಲ್ಲಿ ಬಂದರೆ, ನದಾಫ್, ಪಿಂಜಾರ, ಲದಾಫ್ ಸಮುದಾಯಗಳು ಕಸಾಬ, ನಾಲಬಂದ, ಛಪ್ಪರಬಂದ ಮೊದಲಾದವುಗಳ ಜೊತೆ ಪ್ರವರ್ಗ 1ರಲ್ಲಿ ಬರುತ್ತವೆ. 2002ರ ಸರ್ಕಾರಿ ಆದೇಶದ ವ್ಯವಸ್ಥೆಯಲ್ಲಿ ಎರಡೂ ಪ್ರವರ್ಗಗಳಿಗೆ ಶೇ. 4ರಂತೆ ಮೀಸಲಾತಿ ಇದ್ದರೂ, ಪ್ರವರ್ಗ 1ಕ್ಕೆ ಆದಾ­ಯದ ಮಿತಿ ಅನ್ವಯಿಸುವುದಿಲ್ಲ. ಹಾಗಾಗಿ ಶಾಲೆಗೆ ಸೇರಿಸುವ ದಿನ ಜಾತಿಯ ಕಾಲಮ್ಮಿನಲ್ಲಿ ‘ಮುಸ್ಲಿಂ’ ಎಂದಷ್ಟೇ ಬರೆಸಿದ ಮನೆಯವರು ಮುಂದೆ ತಮಗೆ ಸಲ್ಲಬೇಕಾದ ಪ್ರವರ್ಗವನ್ನು ಸಾಬೀತುಪಡಿಸಲು ಕಷ್ಟಪಡಬೇಕಾಗುತ್ತದೆ. ಗಮನಿಸಬೇಕಾದ ಸಂಗತಿ ಏನೆಂದರೆ, ಒಂದೇ ಕಸುಬಿನ ಮೂರು ಹೆಸರುಗಳನ್ನು ಪಟ್ಟಿ ಪ್ರತ್ಯೇಕ ನಮೂದುಗಳಾಗಿ ಇಟ್ಟುಕೊಂಡಿದೆ. ಭಾಷೆಯ ದೃಷ್ಟಿಯಿಂದ ಅನಗತ್ಯವೆನಿಸುವ ಈ ಪುನರುಕ್ತಿ ಜನರ ದೃಷ್ಟಿಯಿಂದ ಅತ್ಯಂತ ಅಗತ್ಯ, ಏಕೆಂದರೆ ಹಿರಿಯರ ದಾಖಲೆಗಳಲ್ಲಿ ಯಾವ ರೂಪ ಇರುತ್ತದೆ ಎಂಬುದು ಯಾವ ಪ್ರಾಂತದ ಯಾವ ಗುಮಾಸ್ತ ಬರೆದ ಎಂಬುದನ್ನು ಅವಲಂಬಿಸಿದೆ.

ಅಡ್ಡಹೆಸರೂ ಜಾತಿಯೂ ಒಂದೇ ಪದವಾಗಿರುವುದು ಇನ್ನೊಂದು ತೊಡಕು. ಅರಬ್ಬಿಯಲ್ಲಿ ನದ್ದಾಫ್ ಎಂಬುದು ಕೆಲಸ ಬದಲಿಸಿದರೆ ಬದಲಾಗಬಹುದಾದ ವಿವರಣೆಯಾಗಿತ್ತು. ತಂದೆ ನದ್ದಾಫ್, ಮಗ ಬಟ್ಟೆ ವ್ಯಾಪಾರಿಯಾಗಿ ಬಜ್ಜಾಜ್ ಆಗುವುದು ಅಲ್ಲಿ ಸಾಧ್ಯವಿತ್ತು. ಇಲ್ಲಿ ಕಸುಬು ಹುಟ್ಟಿನೊಂದಿಗೆ ಕಟ್ಟಿಕೊಂಡಿದ್ದರಿಂದ ಅದೇ ಪದ ಜಾತಿಯ ಹೆಸರಾಯಿತು, ಜನಗಣತಿ ಮತ್ತು ಆಯೋಗಗಳ ಕಾಗದದಲ್ಲಿ ಸೇರಿ ಗಟ್ಟಿಯಾಯಿತು. ಈ ಹೆಸರಿನ ಇಡೀ ಪಯಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಬದಲಾವಣೆ ಇದು. ಉಚ್ಚಾರಣೆಯ ಬದಲಾವಣೆಗಳೆಲ್ಲ ಇದರ ಮುಂದೆ ಚಿಕ್ಕವು.

ಪ್ರಕರಣದ ಮನೆಯವರಿಗೆ ಕೊಡಬಹುದಾದ ಸಲಹೆ ಹೀಗಿದೆ. ಅಪ್ಪನ ದಾಖಲೆಯ ‘ಪಿಂಜಾರ’ ಮತ್ತು ಮುತ್ತಜ್ಜನ ಹೊಲದ ಪತ್ರದ ‘ಪಿಂಜಾರ’ ಒಂದಕ್ಕೊಂದು ತಾಳೆಯಾಗುವುದರಿಂದ ನಾಡಕಚೇರಿಗೆ ಕೊಡುವ ಅರ್ಜಿಯಲ್ಲಿ ಜಾತಿಯನ್ನು ಪಿಂಜಾರ ಎಂದೇ ತೋರಿಸಿ, ಈ ಎರಡು ಕಾಗದಗಳ ನಕಲನ್ನು ವಂಶವೃಕ್ಷದೊಂದಿಗೆ ಲಗತ್ತಿಸಬೇಕು. ಅಡ್ಡಹೆಸರಿನ ಮಟ್ಟಿಗೆ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ‘ನದಾಫ್’ ಎಂಬ ರೂಪವನ್ನೇ ಮುಂದಿನ ಎಲ್ಲ ದಾಖಲೆಗಳಲ್ಲಿ ಉಳಿಸಿಕೊಳ್ಳಬೇಕು, ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಎಲ್ಲೆಡೆ ‘ಎಫ್’ ಅಕ್ಷರವೊಂದನ್ನೇ ಬಳಸಬೇಕು. ಒಂದು ಕಡೆ ‘ಎಫ್’, ಇನ್ನೊಂದು ಕಡೆ ‘ಪಿ’ ಮತ್ತು ‘ಎಚ್’ ಬಂದರೆ ಗಣಕಯಂತ್ರ ಇಬ್ಬರೆಂದು ಓದುತ್ತದೆ. ಅಪ್ಪನ ‘ನದಾಪ’ ಬರವಣಿಗೆಯ ತಪ್ಪು. ಅದನ್ನು ಅವರ ಆಧಾರ್ ಮತ್ತು ಪಹಣಿಯಲ್ಲಿ ಈಗಲೇ ತಿದ್ದಿಸುವುದು ಒಳ್ಳೆಯದು, ಏಕೆಂದರೆ ಹೊಲ ಮಕ್ಕಳ ಹೆಸರಿಗೆ ಬರುವಾಗ ಅದೇ ಅಕ್ಷರ ಮತ್ತೆ ಅಡ್ಡ ಬರುತ್ತದೆ. ಮನ್ಸೂರಿ ಆಗಬೇಕೆನ್ನುವ ಅಣ್ಣ ಬದಲಾವಣೆಗೆ ಮುನ್ನ ತನ್ನ ಜಾತಿ ಪ್ರಮಾಣಪತ್ರವನ್ನು ಹಳೆಯ ಹೆಸರಿನಲ್ಲಿಯೇ ಪಡೆದಿಟ್ಟುಕೊಳ್ಳಬೇಕು. ಬಳ್ಳಾರಿಯ ಸೋದರತ್ತೆಯ ಮಕ್ಕಳು ‘ಲದಾಫ್’ ಎಂಬುದನ್ನು ‘ನದಾಫ್’ ಎಂದು ತಿದ್ದಿಸಲು ಓಡಾಡುವ ಅಗತ್ಯವಿಲ್ಲ. ಆ ರೂಪ ಪಟ್ಟಿಯಲ್ಲಿಯೇ ಇದೆ, ಅವರ ತಂದೆಯ ಶಾಲಾ ದಾಖಲೆಯಲ್ಲಿಯೂ ಅದೇ ಇದೆ.